ಒಡೆಯದ ಸಂಖ್ಯೆಯ ಬೆನ್ನು ಹತ್ತಿ

ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಿ ಕೀರ್ತಿ ಗಳಿಸಿದವರು ಸಂಖ್ಯಾಸಿದ್ಧಾಂತದ ಕ್ಷೇತ್ರದಲ್ಲಿ ಹಲವರಿದ್ದಾರೆ. ಕೈಗೆ ಸಿಕ್ಕ ಸಂಖ್ಯೆಯನ್ನು ಅವಿಭಾಜ್ಯವೆಂದು ಕರೆಯಲೊಪ್ಪದೆ ಗೌರವ ಗಳಿಸಿದವರು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಪ್ರಾಧ್ಯಾಪಕಿಯವರೊಬ್ಬರೇ. ನಮಸ್ಕಾರ ಹೇಳಿದವರಿಗೂ ‘ಶೇಷ ಎಷ್ಟುಳೀತು?’ ಎಂದು ಮರುಪ್ರಶ್ನೆ ಹಾಕುತ್ತಿದ್ದ ಅವರನ್ನು ವಿದ್ಯಾರ್ಥಿಗಳು ಬೆನ್ನ ಹಿಂದೆ ಶೇಷಮ್ಮ ಎನ್ನುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು; ಬೇಸರಿಸಿಕೊಳ್ಳಲಿಲ್ಲ.

ಎಷ್ಟೋ ವರ್ಷಗಳಿಂದ ಅವರು ಒಂದೆಡೆ ಕುಳಿತದ್ದನ್ನು ಕಂಡವರಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ತರಗತಿಗೂ ಕಂಪ್ಯೂಟರ್ ಕೋಣೆಗೂ ಓಡಾಡುತ್ತಿದ್ದ ಅವರ ಸೀಮೆಸುಣ್ಣದ ಬೆರಳಚ್ಚು ಎಲ್ಲ ಬಾಗಿಲುಗಳ ಮೇಲಿರುತ್ತಿತ್ತು, ಅವರ ಚಹಾ ಯಾರದೋ ಮೇಜಿನ ಮೇಲೆ ಆರಿರುತ್ತಿತ್ತು. ಈ ಚಡಪಡಿಕೆಗೆ ಕಾರಣ ಹತ್ತು ಸಾವಿರ ಅಂಕಿಗಳ ಒಂದು ಸಂಖ್ಯೆ. ತನ್ನಿಂದ ಮತ್ತು ಒಂದರಿಂದಲ್ಲದೆ ಅದು ಬೇರಾವುದರಿಂದಲೂ ಭಾಗವಾಗದೆಂದು ಯಂತ್ರದ ಪರೀಕ್ಷೆಗಳೆಲ್ಲ ಸೂಚಿಸಿದ್ದವು. ಆದರೆ ಪರೀಕ್ಷೆಯಲ್ಲಿ ಪಾಸಾಗುವುದು ಬೇರೆ, ಸಾಬೀತಾಗುವುದು ಬೇರೆ. ಅವರು ಹಿಡಿದ ದಾರಿಯಲ್ಲಿ, ಒಂದು ಸಂಖ್ಯೆ ಒಡೆಯದೆಂದು ಸಾಧಿಸಬೇಕಾದರೆ ಅದಕ್ಕಿಂತ ಒಂದು ಕಡಿಮೆಯಿರುವ ಪಕ್ಕದ ಸಂಖ್ಯೆಯನ್ನು ಒಡೆಯಬೇಕು! ಸಣ್ಣಪುಟ್ಟ ಅಪವರ್ತನಗಳು ಸಲೀಸಾಗಿ ಉದುರಿದವು. ಉಳಿದ ದೊಡ್ಡ ತುಂಡು ಜಪ್ಪಯ್ಯ ಎಂದರೂ ಜಗ್ಗಲಿಲ್ಲ.

ಆ ಸಂಖ್ಯೆಯನ್ನು ಮೊದಲು ಕಂಡವರು ಅವರ ಸಂಶೋಧನಾ ವಿದ್ಯಾರ್ಥಿನಿ. ಅದು ಅವಿಭಾಜ್ಯವೆಂದು ಗುರುಗಳು ಸಹಿ ಹಾಕಿದರೆ ಪದವಿ, ಅದರ ಬೆನ್ನಿಗೇ ಕಾದಿರಿಸಿದ್ದ ಕೆಲಸ. ವಿಭಾಗದ ಮುಖ್ಯಸ್ಥರು ತಾವೇ ಬಂದು, ಲಕ್ಷದಲ್ಲೊಂದು ಪಾಲೂ ಅನುಮಾನವಿಲ್ಲವೆಂದು ಒತ್ತಾಯಿಸಿದರು.

“ಅನುಮಾನ ನನಗೂ ಇಲ್ಲ ಸರ್. ಸಾಬೀತೂ ಇಲ್ವಲ್ಲ,” ಎಂದರು ಪ್ರಾಧ್ಯಾಪಕಿ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕೆಲಸ ಬೇರೆಯವರ ಪಾಲಾಯಿತು. ಶಿಷ್ಯೆ ಬಹುಕಾಲ ಗುರುಗಳ ಮುಖ ನೋಡಲಿಲ್ಲ. ಆದರೂ ತಮಗಿದ್ದ ಯಂತ್ರದ ಸರದಿಯನ್ನೆಲ್ಲ ಶಿಷ್ಯೆಗೆ ಬಿಟ್ಟುಕೊಟ್ಟು, ಪಕ್ಕದ ಸಂಖ್ಯೆ ಸುಲಭವಾಗಿ ಒಡೆಯುವಂಥ ಚಿಕ್ಕದೊಂದನ್ನು ಹುಡುಕಿಸಿ, ಸಾಬೀತಿನ ಪ್ರತಿ ಸಾಲನ್ನೂ ತಾವೇ ತಿದ್ದಿ, ಪದವಿ ಕೊಡಿಸಿದವರು ಇವರೇ. ತಮ್ಮ ಸಂಖ್ಯೆ ಮೂಲೆಗೆ ಬಿತ್ತು, ಮನಸ್ಸಿನಿಂದ ಮಾತ್ರ ಇಳಿಯಲಿಲ್ಲ.

ಆ ಶಿಷ್ಯೆಯೇ ಇಂದು ಕಂಪ್ಯೂಟರ್ ಕೋಣೆಯ ಮುಖ್ಯಸ್ಥೆ. ಈ ಅಭಿನಂದನ ಗ್ರಂಥದ ಕರಡಿನಲ್ಲಿ ‘ಮಹಾ ಅವಿಭಾಜ್ಯದ ಶೋಧಕಿ’ ಎಂದಿದ್ದುದನ್ನು ಪ್ರಾಧ್ಯಾಪಕಿ ಮುದ್ರಣಾಲಯಕ್ಕೇ ಬಂದು ಹೊಡೆದುಹಾಕಿದ ದಿನ, ಜೊತೆಗಿದ್ದ ಶಿಷ್ಯೆ ಗುರುಗಳನ್ನು ಪಕ್ಕಕ್ಕೆ ಕರೆದು ಸುದ್ದಿಯೊಂದನ್ನು ತಿಳಿಸಿದರು. ನೆರೆಯ ಸಂಖ್ಯೆಯ ಹಂಗಿಲ್ಲದ ಹೊಸ ವಿಧಾನವಿದೆ, ಕೆಲವೇ ತಿಂಗಳಲ್ಲಿ ಉತ್ತರ ಸಿಗುತ್ತದೆ, ಶುರುಮಾಡಲೇ ಎಂದು ಕೇಳಿದರು.

ಹಿಗ್ಗಬೇಕಾಗಿದ್ದ ಗುರುಗಳು ಕಾಗದಗಳ ಕಟ್ಟುಗಳ ನಡುವೆ ಅತ್ತಿಂದಿತ್ತ ತಿರುಗಾಡತೊಡಗಿದರು. ಇಷ್ಟು ವರ್ಷ ಅವರನ್ನು ಕೊರೆದದ್ದು ಸಂಖ್ಯೆ ಒಡೆದೀತೆಂಬ ಭಯವಲ್ಲ. ಒಡೆಯದೇ ಉಳಿದೀತೆಂಬ ಭಯ.

“ಅದು ಅವಿಭಾಜ್ಯವೇ ಅಂತಾದ್ರೆ, ನಿನ್ನ ಕೆಲಸ ಸುಮ್ಮನೆ ತಪ್ಪಿಸಿದ ಹಾಗಾಯ್ತಲ್ಲಮ್ಮ.”

“ಆದ್ರೂ ಅವತ್ತು ನೀವು ಸಹಿ ಹಾಕ್ದೇ ಇದ್ದದ್ದೇ ಸರಿ ಮೇಡಂ,” ಎಂದರು ಶಿಷ್ಯೆ.

ಪ್ರಾಧ್ಯಾಪಕಿ ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಅವರು ಕುಳಿತದ್ದನ್ನು ನಾವು ಕಂಡದ್ದು ಅದೇ ಮೊದಲು. ಈಗ ಯಂತ್ರ ಓಡುತ್ತಿದೆ. ಉತ್ತರ ಯಾವುದೇ ಬರಲಿ, ಅದನ್ನು ಮೊದಲು ಕೇಳುವ ಕಿವಿ ಅವರದಾಗಲಿ. ಆಮೇಲೆ ಅದಕ್ಕಿಂತ ದೊಡ್ಡ ಸಂಖ್ಯೆಯೊಂದು ಅವರ ನಿದ್ದೆಗೆಡಿಸಲಿ, ಅದನ್ನೂ ಸಾಧಿಸಿ ಮುಗಿಸುವಷ್ಟು ಆಯುರಾರೋಗ್ಯ ಅವರಿಗಿರಲಿ.