ಅಕ್ಕನ ಆಕಳು, ನಮ್ಮ ಹಿಂಡಿ

ಮಲಪ್ರಭೆ ಹೊಳೆ ನನ್ನ ಅಕ್ಕನ ಊರು ಮೆಣಸಗಿಯೊಳಗೆ ನುಗ್ಗಿದ ವರ್ಷ ಅವಳು ಅಸೂಟಿಯ ನಮ್ಮ ಮನೆಗೆ ಬಂದಳು. ಗಂಡ ಮೊದಲೇ ತೀರಿಕೊಂಡಿದ್ದ. ಈಗ ಗೋಡೆಯೂ ಕುಸಿದಿತ್ತು. ಉಳಿದದ್ದು ಒಂದು ಜರ್ಸಿ ಆಕಳು. ಮೂರು ದಿನ ಕೆಸರು ನೀರಿನಲ್ಲಿ ನಿಂತು ಅದೇ ನೀರು ಕುಡಿದಿದ್ದ ಅದನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದಿದ್ದಳು. ಇಳಿಸುವಾಗಲೇ ತೆಳ್ಳಗೆ ಸಗಣಿ ಹಾಕಿತು.

"ಬ್ಯಾರೆ ಕಡೆ ಕಟ್ಟೂಣೇನ?" ಎಂದರು ನಮ್ಮ ಮನೆಯವರು.

ನಾನು ಅಕ್ಕನ ಮುಖ ನೋಡಿದೆ. "ಎದಕ್ಕರಿ? ಅದೇನ ಪರರದ್ದ? ನಮ್ಮ ಸಾಲಿನಾಗ ಕಟ್ರಿ."

ನಮಗೆ ಮೂರು ಆಕಳು, ಎರಡು ಕರು. ಒಂದು ಆಕಳು ಏಳು ತಿಂಗಳ ಗಬ್ಬ. ಎಲ್ಲಕ್ಕೂ ಒಂದೇ ಗೋದಲಿ, ಒಂದೇ ನೀರಿನ ತೊಟ್ಟಿ. ಸಗಣಿ ಬಳಿದ ಬುಟ್ಟಿಯಲ್ಲೇ ನಾನು ಕರುಗಳಿಗೆ ಹುಲ್ಲು ಒಯ್ದೆ.

ವಾರದೊಳಗೆ ಚಿಕ್ಕ ಕರು ಮೊಲೆ ಬಿಟ್ಟಿತು. ಮೈ ಸುಡುತ್ತಿತ್ತು. ಭೇದಿಯಲ್ಲಿ ರಕ್ತ, ಕೊಳೆತ ವಾಸನೆ. ಅಕ್ಕ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಉಪ್ಪು ಬೆಲ್ಲದ ನೀರು ಹಾಕುತ್ತಲೇ ಇದ್ದಳು. ಮಧ್ಯಾಹ್ನ ಸತ್ತಿತು. ಮರುದಿನ ಇನ್ನೊಂದು. ಅದರ ಮರುದಿನ ಗಬ್ಬದ ಆಕಳು ಕಂದು ಹಾಕಿ, ಸಂಜೆಯೊಳಗೆ ತಾನೂ ಹೋಯಿತು. ಉಳಿದೆರಡು ಜ್ವರದಲ್ಲಿ ನಡುಗುತ್ತಿದ್ದವು. ನಾನು ದೇವರ ಹೆಸರು ಹಿಡಿದು ಬೈದೆ.

ರೋಣದಿಂದ ದನದ ಡಾಕ್ಟರು ಬಂದರು.

"ಹೊರಗಿಂದ ಬಂದದ್ದ ಯಾವುದ್ರಿ?"

ಅಕ್ಕನ ಆಕಳನ್ನು ತೋರಿಸಿದೆ.

"ಇದು ಸಾಲ್ಮೊನೆಲ್ಲಾ ಅನ್ನೋ ಭೇದಿ ಜಡ್ಡು ಇದ್ದಂಗ ಐತ್ರಿ. ಹೊಸಾ ದನಾ ನಾಕ ವಾರ ದೂರ ಕಟ್ಟಬೇಕ. ನೋಡಾಕ ಆರಾಮ ಇದ್ರೂ ಹೊಟ್ಟ್ಯಾಗಿನ ಜಡ್ಡು ಸಗಣ್ಯಾಗ ಬೀಳ್ತಿರ್ತೈತಿ. ಹಾಲು ಕಾಸದ ಕುಡೀಬ್ಯಾಡ್ರಿ." ಆಮೇಲೆ ಕೇಳಿದರು, "ಹಿಂಡಿ ಹ್ಯಾಂಗ ಇಟ್ಟೀರಿ? ತೊಯ್ದ ಹಿಂಡಿ, ಇಲಿ ಹಿಕ್ಕಿ ಬಿದ್ದ ಹಿಂಡಿ, ಅದರಿಂದನೂ ಬರತೈತಿ."

ನಮ್ಮ ಹಿಂಡಿಯ ಚೀಲ ಮಳೆಗೆ ತೊಯ್ದಿತ್ತು. ಬಿಸಿಲಿಗೆ ಒಣಗಿಸಿ, ಇಲಿ ಹಿಕ್ಕಿ ಆರಿಸಿ, ಅಕ್ಕ ಬರುವ ಮೊದಲಿನಿಂದಲೂ ತಿನ್ನಿಸುತ್ತಿದ್ದೆ.

"ಚಲೋ ಐತ್ರಿ," ಎಂದುಬಿಟ್ಟೆ.

ಅಕ್ಕ ಕಂಬದ ಹಿಂದೆ ನಿಂತು ಎಲ್ಲ ಕೇಳಿದ್ದಳು. ಆ ದಿನ ಊಟಕ್ಕೆ ಕೂರಲಿಲ್ಲ. ಬೆಳಿಗ್ಗೆ ನಾನು ನೆಲಕ್ಕೆ ಸುಣ್ಣ ಚೆಲ್ಲುತ್ತಿದ್ದಾಗ ಆಕಳ ಹಗ್ಗ ಬಿಚ್ಚಿದಳು.

"ಎಲ್ಲಿಗಿ?"

"ಊರಿಗಿ."

"ಅಲ್ಲಿ ಮನಿ ಎಲ್ಲೈತಿ?"

"ಗುಡಿ ಕಟ್ಟಿ ಐತಲ್ಲ. ನಾ ಬಂದು ನಿನ್ನ ಮನಿ ಹಾಳ ಮಾಡಿದೆ ತಂಗಿ."

ಹಿತ್ತಲಲ್ಲಿ ಜಾಗವಿತ್ತು. ಅಲ್ಲಿ ಕಟ್ಟು ಎನ್ನಬಹುದಿತ್ತು. ಹಿಂಡಿಯ ಮಾತನ್ನಾದರೂ ಹೇಳಬಹುದಿತ್ತು. ನಾನು ಸುಣ್ಣ ಚೆಲ್ಲುತ್ತಲೇ ಇದ್ದೆ. ಕೆಸರಿನ ದಾರಿಯಲ್ಲಿ ಆಕಳನ್ನು ಹಿಡಿದು ನಡೆದೇ ಹೋದಳು.

ಉಳಿದೆರಡರಲ್ಲಿ ಒಂದು ಬದುಕಿತು, ಕೆಚ್ಚಲು ಬತ್ತಿಸಿಕೊಂಡು. ಜಡ್ಡು ಯಾವುದರಿಂದ ಬಂತೆಂದು ಖಚಿತವಾಗಲೇ ಇಲ್ಲ. ಎಂಟು ದಿನ ತಡೆದುಕೊಂಡೆ. ಒಂಬತ್ತನೆಯ ದಿನ ಮೆಣಸಗಿಗೆ ಹೋಗಿ, ಗುಡಿ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ಅಕ್ಕನ ಎದುರು ಕೂತು ಹಿಂಡಿಯ ಸಂಗತಿ ಎಲ್ಲ ಹೇಳಿದೆ.

ಅವಳ ಕೈ ನಿಂತಿತು. "ಅವತ್ತ ಹೇಳಬಾರದಿತ್ತೇನ?"

ಅಷ್ಟೇ ಕೇಳಿದಳು. ಚಹಾ ಕೊಟ್ಟಳು, ಬಸ್ಸಿನ ತನಕ ಕಳಿಸಲೂ ಬಂದಳು. ನಮ್ಮ ಮನೆಗೆ ಮಾತ್ರ ಮತ್ತೆ ಬರಲಿಲ್ಲ.