ಪಾದೆಮಾರಿನ ಭತ್ತದ ಗೋಪುರ

ಲಿಯೋ ಮಥಾಯಸ್‌ನ ಊರು ಶಿರ್ವದಿಂದ ಆಚೆಗಿರುವ ಪಾದೆಮಾರು. ಮೀಸೆ ಮೂಡುವ ಮೊದಲೇ ಊರು ಬಿಟ್ಟು, ಮುಂಬೈಯಲ್ಲಿ ಟೈಪಿಂಗ್ ಕಲಿತು, ಅಲ್ಲಿಂದ ಕತಾರಿಗೆ ಹಾರಿ ಬಂದವನು. ಈಗ ಅಲ್ ಖೋರ್‌ನಲ್ಲಿ ಹೆಂಡತಿ ಜೂಲಿಯಾನಾ ಮತ್ತು ಮಗಳು ಮೈರಾ ಜೊತೆ ಇದ್ದಾನೆ. ನಾವಿಬ್ಬರೂ ಒಂದೇ ಆಫೀಸು. ಕಂಪೆನಿ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಅವನದು. ಅವನ ಚರಿತ್ರೆ ಬರೆಯಲು ನನಗಿಂತ ಯೋಗ್ಯರು ಸಿಗಲಾರರು, ಸಿಕ್ಕಿದರೂ ನಾನು ಬಿಟ್ಟುಕೊಡುವವನಲ್ಲ.

ಶುಕ್ರವಾರ ದೋಹಾದ ಅಬು ಹಮೂರ್‌ನಲ್ಲಿ ಪೂಜೆ ಮುಗಿದ ಮೇಲೆ ನಮ್ಮ ಕರಾವಳಿಯ ಕ್ರೈಸ್ತರಿಗೆ ಇನ್ನೊಂದು ಕಾರ್ಯಕ್ರಮ ಇರುತ್ತದೆ. ಕೈಗೆ ಸಿಕ್ಕ ಮಕ್ಕಳನ್ನು ನಿಲ್ಲಿಸಿ "ನಿನ್ನ ಇಗರ್ಜಿ ಯಾವುದು ಮಗಾ?" ಎಂದು ಕೇಳುವುದು. ಊರಿನ ಇಗರ್ಜಿಯ, ಅಂದರೆ ಚರ್ಚಿನ, ಹೆಸರು ಬಂತೋ, ಅಜ್ಜ ಯಾರು, ಅತ್ತೆಯನ್ನು ಎಲ್ಲಿಗೆ ಕೊಟ್ಟದ್ದು, ಯಾರ ಜೊತೆ ಮಾತಿಲ್ಲ ಎಲ್ಲವನ್ನೂ ಹಿರಿಯರೇ ಲೆಕ್ಕ ಹಾಕಿಕೊಳ್ಳುತ್ತಾರೆ. ಮೈರಾ "ಅಲ್ ಖೋರ್" ಎಂದಳು. ಸುತ್ತ ನಿಂತವರೆಲ್ಲ ನಕ್ಕರು.

ಲಿಯೋಗೆ ಅದು ತಾಗಿತು. ಮರುದಿನ ಆಫೀಸಿನ ಕ್ಯಾಂಟೀನಿನಲ್ಲಿ "ಈ ದೇಶ ನಾಳೆ ಖಲಾಸ್ ಅಂದರೆ ನಾನಾದ್ರೂ ಪಾದೆಮಾರಿನವ ಅಂತ ಹೇಳ್ತೇನೆ. ಅವಳು ಎಲ್ಲಿಯವಳು ಮಾರಾಯ? ಅವಳಿಗೊಂದು ಊರು ಬೇಕು" ಎಂದ.

ಹಾಗೆ ಮಗಳಿಗೆ ಊರು ಕೊಡುವ ಕೆಲಸ ಕಾರಿನಲ್ಲಿ ಶುರುವಾಯಿತು, ಪ್ರತಿ ಶುಕ್ರವಾರ ಅಲ್ ಖೋರ್‌ನಿಂದ ಅಬು ಹಮೂರ್‌ವರೆಗೆ. ಆದರೆ ಲಿಯೋಗೆ ಗೊತ್ತಿದ್ದ ಪಾದೆಮಾರು ಎಂದರೆ ಇಗರ್ಜಿ, ಶಾಲೆ, ಬಸ್‌ಸ್ಟ್ಯಾಂಡು. ಮೊದಲ ವಾರ ದೋಹಾ ಮುಟ್ಟುವ ಮೊದಲೇ ಊರು ಮುಗಿದುಹೋಯಿತು. "ಮತ್ತೆ?" ಎಂದಳು ಮೈರಾ. ಜೂಲಿಯಾನಾ ಬೆಳೆದದ್ದು ಮುಂಬೈಯ ಚಾಳಿನಲ್ಲಿ, ಆಕೆಯಿಂದ ಸಹಾಯ ಸಿಗುವಂತಿರಲಿಲ್ಲ.

ಸಹಾಯಕ್ಕೆ ಬಂದದ್ದು ನಮ್ಮ ಮ್ಯಾನೇಜರ್ ಎಲೈಜಾ. ನೆಬ್ರಾಸ್ಕಾದ ಬೆಲ್‌ಫೋರ್ಡ್ ಎಂಬ ಸಣ್ಣ ಊರಿನವರು. ಕಾಫಿ ಕೈಗೆ ಬಂದರೆ ಅವರಿಗೆ ಬೆಲ್‌ಫೋರ್ಡ್ ಬಿಟ್ಟರೆ ಬೇರೆ ಲೋಕವಿಲ್ಲ, ಕೇಳಲು ಲಿಯೋ ಬಿಟ್ಟರೆ ಬೇರೆ ಜನವಿಲ್ಲ. ಚಪ್ಪಟೆ ಬಯಲು, ನಡುವೆ ನದಿ, ದೂರದಿಂದಲೇ ಕಾಣುವ, ಗೋಧಿ ತುಂಬಿಡುವ ಗೋಪುರ. ಮೊದಲು ಬಂದವರು ನದಿಯ ಉತ್ತರಕ್ಕೆ ಮನೆ ಕಟ್ಟಿದರಂತೆ, ಹಾಳಾದ ರೈಲು ದಕ್ಷಿಣ ದಡಕ್ಕೆ ಬಂತಂತೆ. ಜನ ಚಳಿಗಾಲದವರೆಗೆ ಕಾದು, ಮರದ ಮನೆಗಳನ್ನೇ ದಿಮ್ಮಿಗಳ ಮೇಲೇರಿಸಿ, ಹೆಪ್ಪುಗಟ್ಟಿದ ನದಿಯ ಮೇಲೆ ಕುದುರೆಗಳಿಂದ ಎಳೆಸಿ ಊರನ್ನೇ ಆಚೆ ದಾಟಿಸಿದರಂತೆ. ರೈಲು ಇವರಿಗೇ ದಕ್ಕಿತೆಂದು ಸಿಟ್ಟಿಗೆದ್ದ ನೆರೆಯೂರಿನವರು ಒಂದು ದಿನ ಬಂದು ಕೋರ್ಟಿನ ಗಂಟೆಯನ್ನು ಹೊತ್ತೊಯ್ದರಂತೆ.

ಲಿಯೋ ಇದನ್ನೆಲ್ಲ ಪಾದೆಮಾರಿಗೆ ತಂದ. ನದಿ ಹೊಳೆಯಾಯಿತು, ಕುದುರೆ ಎತ್ತಾಯಿತು, ಗೋಧಿ ಭತ್ತವಾಯಿತು. ಮಂಜುಗಡ್ಡೆಯನ್ನು ಏನು ಮಾಡುವುದೆಂದು ಒಂದು ವಾರ ತಲೆ ಕೆಡಿಸಿಕೊಂಡು, ಕೊನೆಗೆ ಬೇಸಿಗೆಯಲ್ಲಿ ಹೊಳೆ ಒಣಗಿಸಿದ. ಕೋರ್ಟಿನ ಗಂಟೆ ಇಗರ್ಜಿಯ ಗಂಟೆಯಾಯಿತು. ಕಳ್ಳತನದ ಆರೋಪ ಶಿರ್ವದವರ ಮೇಲೆ ಬಿತ್ತು.

ಮೈರಾಗೆ ಊರು ಹತ್ತಿತು. ಇಗರ್ಜಿಯ ಅಂಗಳದಲ್ಲಿ ಈಗ ಅವಳೇ ಹಿರಿಯರನ್ನು ನಿಲ್ಲಿಸಿ ಪಾದೆಮಾರಿನ ಕಥೆ ಹೇಳತೊಡಗಿದಳು. ಪಾದೆಮಾರಿನವರೇ ಆದ ಒಬ್ಬ ಮುದುಕರು, "ಹೌದು ಹೌದು, ಆ ಗೋಪುರ ನಾನು ಸಣ್ಣವನಿರುವಾಗಲೂ ಇತ್ತು" ಎಂದು ತಲೆಯಾಡಿಸಿದರು. ನಾನು ಬಾಯಿ ಮುಚ್ಚಿಕೊಂಡಿದ್ದೆ. ಹುಡುಗಿಯ ಮುಖ ನೋಡಿದರೆ ಯಾರೂ ಹಾಗೆಯೇ ಮಾಡುತ್ತಿದ್ದರು.

ಎಲೈಜಾ ನಿವೃತ್ತರಾದರು. ಬೀಳ್ಕೊಡುಗೆಗೆ ಅವರ ವಿಲ್ಲಾಗೆ ಮನೆಮಂದಿಯನ್ನೆಲ್ಲ ಕರೆದಿದ್ದರು. ನಾನೂ ಲಿಯೋನ ಕಾರಿನಲ್ಲೇ ಹೋದೆ. ಊಟದ ಮಧ್ಯೆ ದೊಡ್ಡ ಟಿವಿಯಲ್ಲಿ ಬೆಲ್‌ಫೋರ್ಡಿನ ಹಳೆಯ ಫೋಟೋಗಳು ಬರತೊಡಗಿದವು. ಬಯಲು, ನದಿ, ದಿಮ್ಮಿಗಳ ಮೇಲೆ ಕೂತ ಮನೆ, ಗೋಪುರ.

"ಪಪ್ಪಾ, ನಮ್ಮ ಊರು" ಎಂದಳು ಮೈರಾ, ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವಂತೆ. "ಆದ್ರೆ ಎತ್ತು ಎಲ್ಲಿ?"

ಲಿಯೋ ಕೈಯಲ್ಲಿದ್ದ ಕೋಳಿಯ ಕಾಲನ್ನು ತಟ್ಟೆಗೆ ಇಟ್ಟ. ಎಲೈಜಾ ಬಗ್ಗಿ ಅವಳನ್ನು ಮಾತಾಡಿಸಿದರು. ಅವಳು ಗಂಟೆ ಕದ್ದವರವರೆಗೆ ಎಲ್ಲವನ್ನೂ ಒಪ್ಪಿಸಿದಳು. ಅವರಿಗೆ ಅರ್ಥವಾಯಿತು. ಹೊಟ್ಟೆ ಹಿಡಿದುಕೊಂಡು ನಕ್ಕರು.

"ಇದು ನನ್ನ ಊರು ಪುಟ್ಟಿ. ನಿನ್ನ ಪಪ್ಪ ಚೆನ್ನಾಗಿ ಕೇಳಿಸಿಕೊಂಡಿದ್ದಾನೆ."

"ಈಗ ನೀವು ಅಲ್ಲಿಗೆ ಹೋಗ್ತೀರಾ?"

"ಅಲ್ಲಿಗೆ? ರೈಲು ನಿಲ್ಲುವುದಿಲ್ಲ, ಶಾಲೆ ಮುಚ್ಚಿದೆ, ಚಳಿ ಬೇರೆ. ನಾವು ಫ್ಲೋರಿಡಾದಲ್ಲಿ ಮನೆ ತೆಗೆದುಕೊಂಡಿದ್ದೇವೆ."

ವಾಪಸು ಅದೇ ಕಾರಿನಲ್ಲಿ ಹೊರಟೆವು. ಮೈರಾ ಹಿಂದಿನ ಸೀಟಿನಲ್ಲಿ, ನನ್ನ ಪಕ್ಕದಲ್ಲಿ, ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಲುಸೈಲ್ ದಾಟಿದ ಮೇಲೆ ಲಿಯೋ ಸ್ಟೀರಿಂಗ್‌ಗೆ ಒಂದು ಏಟು ಕೊಟ್ಟ. ಮಗಳ ಎದುರು ಹೋದ ಮಾನಕ್ಕೆ ಯಾರನ್ನಾದರೂ ಬೈಯಲೇಬೇಕಿತ್ತು.

"ಎಂತ ಮನುಷ್ಯ ಅವ. ಇಷ್ಟು ವರ್ಷ ಊರು ಊರು ಅಂತ ನನ್ನ ತಲೆ ತಿಂದ. ಈಗ ಫ್ಲೋರಿಡಾ ಅಂತೆ."

"ಪಾದೆಮಾರು ಬಿಟ್ಟು ಬಿಜೈಯಲ್ಲಿ ಫ್ಲ್ಯಾಟ್ ಬುಕ್ ಮಾಡಿದ್ದು ಯಾರು?" ಎಂದಳು ಜೂಲಿಯಾನಾ.

ಲಿಯೋ ಗೇರು ಬದಲಿಸಿದ. ಆ ಕಾರಿಗೆ ಗೇರು ಬದಲಿಸುವ ಅಗತ್ಯವೇ ಇರಲಿಲ್ಲ, ಅದು ಆಟೋಮ್ಯಾಟಿಕ್.

"ಪಪ್ಪಾ" ಎಂದಳು ಮೈರಾ, ಕಿಟಕಿಯಿಂದ ಈಚೆ ತಿರುಗಿ. "ಅಂಕಲ್‌ಗೆ ಆ ಊರು ಬೇಡ ಅಲ್ವಾ?"

"ಬೇಡವಂತೆ."

"ಪಾದೆಮಾರು ನಿಮಗೂ ಬೇಡ?"

ಲಿಯೋ ಮತ್ತೆ ಗೇರಿಗೆ ಕೈ ಹಾಕಿದ.

"ಹಾಗಾದ್ರೆ ಎರಡೂ ನನಗೇ ಇರಲಿ" ಎಂದಳು ಹುಡುಗಿ.