ಪೆನ್‌ಡ್ರೈವ್ ನನ್ನ ಪರ್ಸಿನಲ್ಲಿತ್ತು

ಭದ್ರಾವತಿಯಲ್ಲಿರುವ ನನ್ನ ಅಕ್ಕ ಮದುವೆಯ ಕರೆಯೋಲೆಗಳನ್ನು ಮನೆಯ ಕಂಪ್ಯೂಟರಿನಲ್ಲೇ ಸಿದ್ಧಪಡಿಸಿ ಪ್ರೆಸ್ಸಿಗೆ ಕಳಿಸುತ್ತಾಳೆ. ಅದು ಹಳೆಯದು, ಒಂದು ಫೈಲ್ ತೆರೆಯುವಷ್ಟರಲ್ಲಿ ಟೀ ಆರಿಹೋಗುತ್ತಿತ್ತು. ಹೊಸ ಆಪರೇಟಿಂಗ್ ಸಿಸ್ಟಮ್ ಹಾಕೋಣವೆಂದು ಹಟ ಹಿಡಿದವಳು ನಾನು. ಒಂದು ಭಾನುವಾರ ಪೆನ್‌ಡ್ರೈವ್ ಹಿಡಿದು ಶಿವಮೊಗ್ಗದಿಂದ ಹೋದೆ. ಅವಳ ಫೈಲುಗಳ ನಕಲು ತೆಗೆದಿಟ್ಟು, ಹಳೆಯ ಸಿಸ್ಟಮ್ ಅಳಿಸಿ ಹೊಸದನ್ನು ಹಾಕಿದೆ. ರೀಸ್ಟಾರ್ಟ್ ಮಾಡಿದರೆ ಚಕ್ಕನೆ ಎದ್ದಿತು. ಅಕ್ಕ ಕೊಟ್ಟ ಉಪ್ಪಿಟ್ಟು ತಿಂದು, ಪೆನ್‌ಡ್ರೈವ್ ಕಿತ್ತು ಪರ್ಸಿಗೆ ಹಾಕಿಕೊಂಡು ಬಸ್ ಹತ್ತಿದೆ.

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನ ಮನೆಯ ಬೀಗ ತೆಗೆಯುವಾಗ ಅಕ್ಕನ ಫೋನು ಬಂತು.

“ಏನೋ ಆಗಿದೆ ಕಣೇ. ಸ್ಕ್ರೀನೆಲ್ಲ ಕಪ್ಪು. ಬೂಟ್ ಡಿವೈಸ್ ಇಲ್ಲ ಅಂತ ಬರ್ತಿದೆ.”

“ನೀನು ಏನು ಒತ್ತಿದೆ?”

ನನ್ನ ಬಾಯಿಂದ ಮೊದಲು ಬಂದ ಮಾತು ಅದೇ. ಅಕ್ಕ ಹೇಳಿದಳು: “ಆಫ್ ಮಾಡಿ ಆನ್ ಮಾಡ್ದೆ, ಅಷ್ಟೇ. ಮಾಡ್ಬಾರದಿತ್ತಾ?”

“ಇರು, ಬರ್ತೀನಿ” ಎಂದಷ್ಟೇ ಹೇಳಿ ಮತ್ತೆ ಬಸ್‌ಸ್ಟ್ಯಾಂಡಿಗೆ ಹೋದೆ.

ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಕಂಪ್ಯೂಟರನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮನ್ನು, ಅಂದರೆ ಬೂಟ್‌ಲೋಡರನ್ನು, ಅವಳ ಡಿಸ್ಕಿಗೆ ಹಾಕುವ ಬದಲು ನನ್ನ ಪೆನ್‌ಡ್ರೈವಿಗೇ ಹಾಕಿಬಿಟ್ಟಿದ್ದೆ. ಎಲ್ಲಿ ಹಾಕಬೇಕೆಂದು ಸ್ಕ್ರೀನಿನಲ್ಲಿ ಕೇಳಿದ ಸಾಲನ್ನು ಓದದೆ ಮುಂದಕ್ಕೆ ಒತ್ತಿದ್ದೆ. ಆಗಲೇ ಫೋನ್ ಮಾಡಿ ಹೇಳಬಹುದಿತ್ತು. ಎದುರಿಗೇ ಹೇಳಿದರಾಯಿತೆಂದು ಸುಮ್ಮನಾದೆ.

ನಾನು ತಲುಪಿದಾಗ ತಮ್ಮ ಮಗಳ ಮದುವೆಯ ಕಾರ್ಡ್ ನೋಡಲು ಬಂದವರೊಬ್ಬರು ಬಾಗಿಲ ಬಳಿ ಕೂತಿದ್ದರು. ಅಕ್ಕ ಅವರಿಗೆ ಹೇಳುತ್ತಿದ್ದಳು: “ನನ್ನಿಂದಾನೇ ಕೆಟ್ಟಿದ್ದು ಅಣ್ಣ. ತಂಗಿ ಚೆನ್ನಾಗೇ ಮಾಡ್ಕೊಟ್ಟು ಹೋಗಿದ್ಲು.”

ನನಗೆ ಚಪ್ಪಲಿ ಬಿಡುವುದೂ ಮರೆತುಹೋಯಿತು. “ಅಕ್ಕ ಏನೂ ಮಾಡಿಲ್ಲ. ತಪ್ಪು ನಂದು” ಎಂದೆ.

ಪೆನ್‌ಡ್ರೈವ್ ಸಿಕ್ಕಿಸಿದೊಡನೆ ಕಂಪ್ಯೂಟರ್ ಎದ್ದಿತು. ಬೂಟ್‌ಲೋಡರನ್ನು ಈ ಸಲ ಡಿಸ್ಕಿಗೇ ಹಾಕಿ, ಪೆನ್‌ಡ್ರೈವ್ ತೆಗೆದು, ಮತ್ತೆ ಮತ್ತೆ ಆಫ್ ಆನ್ ಮಾಡಿ ನೋಡಿದೆ. ಸರಿಯಾಗಿತ್ತು. ಬಂದವರು ಮಗಳ ಹೆಸರನ್ನು ಸ್ವಲ್ಪ ದಪ್ಪ ಮಾಡಿಸಿಕೊಂಡು ಹೊರಟರು.

ಅವರು ಹೋದ ಮೇಲೆ ಅಕ್ಕ ಕೇಳಿದಳು: “ಹಂಗಾದ್ರೆ ನಾನು ಕೆಡಿಸಿಲ್ಲ ತಾನೇ?”

“ಇಲ್ಲಕ್ಕ. ನಿನ್ನನ್ನ ಹಂಗೆ ಕೇಳಬಾರದಿತ್ತು.”

“ಬಿಡು ಮಾರಾಯ್ತಿ” ಎಂದು ನಕ್ಕಳು.

ಆದರೂ ಈಗ ಸಂಜೆ ಕೆಲಸ ಮುಗಿದ ಮೇಲೆ ಅವಳಿಂದ ಮೆಸೇಜ್ ಬರುತ್ತದೆ: “ಆಫ್ ಮಾಡ್ಲಾ?” ಮಾಡು ಎಂದು ಬರೆಯುವಾಗಲೆಲ್ಲ ನಾಚಿಕೆಯಾಗುತ್ತದೆ.